ಸತ್ಯಾಂಶ: ‘ಖೋತಾ ಬಜೆಟ್’ ಅಂದರೆ ಖಜಾನೆ ಖಾಲಿ ಅಂತಲ್ಲ

‘ಖೋತಾ ಬಜೆಟ್ ಅಂದರೆ ಸರ್ಕಾರ ದಿವಾಳಿ, ಇನ್ನು ಪಿಂಚಣಿ ಬರಲ್ಲ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತದೆ. ಇದು ತಪ್ಪು. ಸುಮ್ನೆ ಹಿರಿಯರನ್ನು ಹೆದರಿಸುತ್ತದೆ.

ಖೋತಾ ಎಂದರೆ ಕೊರತೆ, ಅಷ್ಟೇ. ಬಜೆಟ್‌ನಲ್ಲಿ ಅದು ಮುಖ್ಯವಾಗಿ ಎರಡು ಥರ. ಸಂಬಳ, ಪಿಂಚಣಿ, ಬಡ್ಡಿಯಂಥ ಮಾಮೂಲಿ ಖರ್ಚಿಗೇ ಆದಾಯ ಸಾಲದಿದ್ದರೆ ರಾಜಸ್ವ ಕೊರತೆ. ಸೇತುವೆ, ಆಸ್ಪತ್ರೆ ಕಟ್ಟಲು ತರುವ ಸಾಲವೂ ಸೇರಿದರೆ ವಿತ್ತೀಯ ಕೊರತೆ. ಹಾಲು, ರೇಷನ್‌ಗೆ ಕೈಸಾಲ ಮಾಡುವುದೂ ಮನೆ ಕಟ್ಟಲು ಬ್ಯಾಂಕ್ ಸಾಲ ತೆಗೆಯುವುದೂ ಒಂದೇ ಅಲ್ಲ, ಅಲ್ವಾ? ಜಾಸ್ತಿ ಚಿಂತೆ ಮಾಡಬೇಕಾದ್ದು ಮೊದಲನೆಯದಕ್ಕೆ.

ಕರ್ನಾಟಕದಲ್ಲಿ 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಇದೆ. ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ (ಒಂದು ವರ್ಷದಲ್ಲಿ ರಾಜ್ಯದಲ್ಲಿ ತಯಾರಾಗುವ ಸರಕು, ಸೇವೆಗಳ ಒಟ್ಟು ಮೌಲ್ಯ) ಶೇ 3 ದಾಟಬಾರದು ಎಂಬುದು ಅದರ ಮಿತಿ. 2024-25ರ ಬಜೆಟ್ ಅಂದಾಜು ಶೇ 2.95 ಇತ್ತು.