ಬೆಟ್ಟದವರಿಗೆ ಕಡಲ ಮೀನಿನ ಲೆಕ್ಕ ಬೇಡವೇ?

ಇಂದು ಮಡಿಕೇರಿಯ ಒಂದು ವಿಜ್ಞಾನ ಪ್ರದರ್ಶನದಲ್ಲಿ, ಕಡಲ ನೀರಿನಲ್ಲಿ ಬೆರೆತಿರುವ ಡಿಎನ್‌ಎಯಿಂದ ಮೀನುಗಳನ್ನು ಗುರುತಿಸುವ ಬಗೆಯನ್ನು ವಿವರಿಸುತ್ತಿದ್ದ ವಿದ್ಯಾರ್ಥಿನಿಯನ್ನು ಅತಿಥಿಯೊಬ್ಬರು ಅರ್ಧಕ್ಕೇ ತಡೆದು, "ಕೊಡಗಿನಲ್ಲಿ ಸಮುದ್ರವೇ ಇಲ್ಲವಲ್ಲಮ್ಮ, ಕಾಫಿಯ ಬಗ್ಗೆ ಏನಾದರೂ ಮಾಡಬಾರದಿತ್ತೇ?" ಎಂದು ಹೇಳಿ ಮುಂದಿನ ಮೇಜಿಗೆ ನಡೆದರು. ನಾನು ತೋಟದವನೆಂಬುದು ನಿಮಗೆಲ್ಲ ಗೊತ್ತು, ಕಾಫಿಯ ಮೇಲೆ ನನಗೇನೂ ಪ್ರೀತಿ ಕಡಿಮೆಯಿಲ್ಲ. ಆದರೂ ಆ ಮಾತಿಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಆಕೆ ಹೇಳುತ್ತಿದ್ದುದು ಸರಿಯಾಗಿಯೇ ಇತ್ತು. ಮೀನಿನ ಲೋಳೆ, ಹುರುಪೆ, ಮಲಗಳ ಜೊತೆ ಅದರ ಡಿಎನ್‌ಎ ನೀರಿಗೆ ಸೇರುತ್ತದೆ; ಆ ನೀರನ್ನು ಸೋಸಿ, ಸಿಕ್ಕ ಡಿಎನ್‌ಎಯ ಗೊತ್ತಾದ ಒಂದು ತುಣುಕನ್ನು ಪ್ರಯೋಗಾಲಯದಲ್ಲಿ ಲಕ್ಷಾಂತರ ಪಟ್ಟು ಹೆಚ್ಚಿಸಿ ಓದಿದರೆ ಅಲ್ಲಿ ಯಾವ ಜಾತಿಗಳಿದ್ದವೆಂದು ತಿಳಿಯುತ್ತದೆ. ಡೆನ್ಮಾರ್ಕಿನ ಸಂಶೋಧಕರು 2012ರಲ್ಲಿಯೇ ಅರ್ಧರ್ಧ ಲೀಟರಿನ ಕಡಲ ನೀರಿನ ಮಾದರಿಗಳಿಂದ 15 ಜಾತಿಯ ಮೀನುಗಳನ್ನು ಗುರುತಿಸಿದ್ದರು. 2015ರಲ್ಲಿ ಜಪಾನಿನವರು 'ಮಿಫಿಶ್' ಎಂಬ ಪ್ರೈಮರ್‌ಗಳನ್ನು (ಹೆಚ್ಚಿಸಬೇಕಾದ ತುಣುಕನ್ನು ಗುರುತಿಸಿ ಹಿಡಿಯುವ ಚಿಕ್ಕ ಡಿಎನ್‌ಎ ಎಳೆಗಳನ್ನು) ರೂಪಿಸಿ ಓಕಿನಾವಾದ ಅಕ್ವೇರಿಯಂ ತೊಟ್ಟಿಗಳಲ್ಲಿ ಪರೀಕ್ಷಿಸಿದಾಗ, ಅಲ್ಲಿ ಸಾಕಿದ್ದ ಜಾತಿಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ಪತ್ತೆಯಾದವು.

ನಮಗೆ ಸಮುದ್ರವಿಲ್ಲ, ನಿಜ. ಹಾಗಾದರೆ ಮಾಕುಟ್ಟದ ದಾರಿಯಾಗಿ ಕಣ್ಣೂರಿನಿಂದ, ಸಂಪಾಜೆಯ ದಾರಿಯಾಗಿ ಮಂಗಳೂರಿನಿಂದ ಬರುವ ಮತ್ತಿ (ಬೂತಾಯಿ), ಬಂಗುಡೆಗಳನ್ನು ತಿನ್ನುವವರು ಯಾರು? ಕೇರಳದ ದಡಕ್ಕೆ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬಂದ ಮತ್ತಿ, 2021ರಲ್ಲಿ ಮೂರು ಸಾವಿರ ಟನ್ನಿನ ಆಸುಪಾಸಿಗೆ ಕುಸಿಯಿತು. ಬಂದರಿನ ಲೆಕ್ಕ ಬೇಕು, ಆದರೆ ಅದು ಬಲೆಗೆ ಬಿದ್ದ ಮೀನಿನ ಲೆಕ್ಕ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ದಡದಲ್ಲಿ ನಿಂತಿರುವಾಗ ಕಡಲೊಳಗೆ ಏನು ನಡೆದಿದೆಯೆಂಬುದನ್ನು ಬಂದರಿನ ಧಕ್ಕೆಯಲ್ಲಿ ಬಾಟಲಿಗೆ ತುಂಬಿದ ನೀರಾದರೂ ಸ್ವಲ್ಪ ಹೇಳೀತು.

ಈ ವಿಧಾನದಿಂದ ಮೀನಿನ ವಯಸ್ಸು ತಿಳಿಯುವುದಿಲ್ಲ, ಸಂಖ್ಯೆ ಖಚಿತವಾಗುವುದಿಲ್ಲ, ನೀರಿನ ಹರಿವು ಡಿಎನ್‌ಎಯನ್ನು ಬೇರೆಡೆಗೆ ಒಯ್ಯುತ್ತದೆ ಎಂಬ ಆಕ್ಷೇಪಗಳಿವೆ. ಒಪ್ಪುತ್ತೇನೆ. ಆದರೆ ಬಂದರಿನ ಲೆಕ್ಕವನ್ನು ಕೈಬಿಡಿ ಎಂದು ಯಾರೂ ಹೇಳುತ್ತಿಲ್ಲ; ಒಂದೇ ಜಾಗದಲ್ಲಿ ತಿಂಗಳು ತಿಂಗಳೂ ನೀರು ತೆಗೆದು ಯಾವ ಜಾತಿ ಬಂತು, ಯಾವುದು ಕಾಣೆಯಾಯಿತು ಎಂಬುದು ತಿಳಿದರೆ ಅದೇನು ಸಣ್ಣ ಮಾತೇ?

ಇನ್ನು, ಕೊಡಗಿಗೂ ಇದಕ್ಕೂ ಸಂಬಂಧವಿಲ್ಲವೆಂಬ ಮಾತನ್ನಂತೂ ನಾನು ಒಪ್ಪಲಾರೆ. ಮೀನಂಗಡಿಯ ತೊಳೆದ ನೀರು ಹರಿದು ಸೇರುವ ಕಡೆ ಕಾವೇರಿಯ ನೀರನ್ನು ಸೋಸಿದರೆ, ಹೊಳೆಯಲ್ಲಿಲ್ಲದ ಬಂಗುಡೆಯ ಡಿಎನ್‌ಎಯೂ ಸಿಕ್ಕೀತು, ಆದ್ದರಿಂದ ಎಲ್ಲಿ ನೀರು ತುಂಬಬೇಕೆಂಬುದನ್ನು ನಮ್ಮ ಮಕ್ಕಳೇ ಕಲಿಯಬೇಕು. ಕಾವೇರಿ ಕೊಳ್ಳವನ್ನು ಬಿಟ್ಟು ಬೇರೆಲ್ಲೂ ಇಲ್ಲದ, ಅಳಿವಿನ ಅಂಚಿಗೆ ಬಂದಿರುವ ಗೂನುಬೆನ್ನಿನ ಮಹಶೀರ್ ಮೀನನ್ನು ಗಾಳ ಹಾಕದೆ, ಬಲೆ ಬೀಸದೆ ಹುಡುಕಲು ಇದೊಂದು ದಾರಿ. ಬ್ರಹ್ಮಗಿರಿಯ ಬಾರಾಪೊಳೆ ವಳಪಟ್ಟಣಂ ಹೊಳೆಯಾಗಿ ಕಣ್ಣೂರಿನ ಬಳಿಯ ಅಳಿಕ್ಕಲ್‌ನಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಮಾಕುಟ್ಟದಲ್ಲಿ ಒಂದು ಬಾಟಲಿ, ಅಳಿಕ್ಕಲ್‌ನಲ್ಲಿ ಒಂದು ಬಾಟಲಿ ತುಂಬಿಸುವ ಕೆಲಸವನ್ನು ನಮ್ಮ ಯಾವುದಾದರೂ ಕಾಲೇಜು ಈ ಮಳೆಗಾಲ ಮುಗಿದೊಡನೆ ಕೈಗೆತ್ತಿಕೊಳ್ಳುವುದಾದರೆ, ಓಡಾಟದ ಖರ್ಚನ್ನು ನಾನು ಕೊಡುತ್ತೇನೆ.