ಹೊಸಬರು ಬೇಕಾಗಿದ್ದಾರೆ, ಐದು ವರ್ಷದ ಅನುಭವ ಇದ್ದರೆ

ಮನೆಯಲ್ಲೇ ಕೂತು ದುಡಿಯಿರಿ. ನಿಮಗೆ ನೀವೇ ಬಾಸ್. ಅನುಭವ ಬೇಕಿಲ್ಲ. ಫ್ರೀಲ್ಯಾನ್ಸಿಂಗ್, ಅಂದರೆ ಒಂದೇ ಕಡೆ ನೌಕರಿಗೆ ಸೇರದೆ ಸಿಕ್ಕ ಸಿಕ್ಕ ಗ್ರಾಹಕರಿಗೆ ಬಿಡಿ ಕೆಲಸ ಮಾಡಿಕೊಡುವುದು. ಅದರ ಜಾಹೀರಾತಿನ ಈ ಮೂರು ಮಾತಲ್ಲಿ ಮೊದಲನೆಯದು ಅರ್ಧ ನಿಜ. ಮನೆಯಲ್ಲಿ ಕೂರುವುದಂತೂ ಗ್ಯಾರಂಟಿ.

ಇಂಥ ಕೆಲಸ ಸಿಗುವ ಸೈಟುಗಳಲ್ಲಿ ಹೊಸದಾಗಿ ಖಾತೆ ತೆರೆದವರು ಮೊದಲು ಹುಡುಕುವುದು ‘ಎಂಟ್ರಿ ಲೆವೆಲ್’ ಕೆಲಸಗಳನ್ನು. ಹೊಸಬರಿಗೆಂದೇ ಇಟ್ಟ ಬಾಗಿಲಲ್ವಾ, ಧೈರ್ಯವಾಗಿ ಒಳಗೆ ಹೋಗುತ್ತಾರೆ. ಅಲ್ಲಿ ಬರೆದಿರುತ್ತದೆ: ಇದೇ ಕೆಲಸದಲ್ಲಿ ಐದು ವರ್ಷ ಪಳಗಿರಬೇಕು, ಹಿಂದೆ ಮಾಡಿದ ಕೆಲಸಗಳ ಲಿಂಕ್ ಕಳಿಸಬೇಕು, ರಿವ್ಯೂ ಚೆನ್ನಾಗಿರಬೇಕು, ಇವತ್ತೇ ಶುರು ಮಾಡಬೇಕು. ಹಾಗಾದರೆ ಇದರಲ್ಲಿ ಎಂಟ್ರಿ ಲೆವೆಲ್ ಯಾವುದು? ಕೊಡುವ ದುಡ್ಡು. ಅದೊಂದು ವಿಷಯದಲ್ಲಿ ಗ್ರಾಹಕ ಮಾತಿಗೆ ತಪ್ಪುವುದಿಲ್ಲ.

ರಿವ್ಯೂ ಇಲ್ಲದವರಿಗೆ ಕೆಲಸ ಇಲ್ಲ. ಕೆಲಸ ಮಾಡದವರಿಗೆ ರಿವ್ಯೂ ಇಲ್ಲ. ಮದುವೆ ಆಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆ ಆಗದು ಅನ್ನುವ ಗಾದೆ ಕಟ್ಟಿದವರು ಫ್ರೀಲ್ಯಾನ್ಸರ್ ಪ್ರೊಫೈಲ್ ನೋಡಿರಲಿಕ್ಕಿಲ್ಲ. ಆದರೂ ಎಷ್ಟು ಸರಿಯಾಗಿ ಹೇಳಿದ್ದಾರೆ ನೋಡಿ.

ಇದಕ್ಕೆ ಬಲ್ಲವರು ಒಂದು ಉಪಾಯ ಹೇಳಿಕೊಡುತ್ತಾರೆ. ನಿಜವಾದ ಗ್ರಾಹಕ ಇಲ್ಲದಿದ್ದರೆ ಕಲ್ಪನೆಯ ಗ್ರಾಹಕನಿಗೆ ಕೆಲಸ ಮಾಡಿ ಪೋರ್ಟ್‌ಫೋಲಿಯೊದಲ್ಲಿ, ಅಂದರೆ ನಿಮ್ಮ ಕೆಲಸದ ಮಾದರಿಗಳ ಸಂಗ್ರಹದಲ್ಲಿ, ಹಾಕಿ ಅಂತ. ಸಲಹೆ ಕೆಟ್ಟದ್ದೇನಲ್ಲ, ಬೇರೆ ದಾರಿಯೂ ಇಲ್ಲ. ಅದರ ಫಲವಾಗಿ ಎಲ್ಲೂ ಇಲ್ಲದ ಕಂಪನಿಗಳಿಗೆ ಇವತ್ತು ಭರ್ಜರಿ ಲೋಗೊಗಳಿವೆ. ಯಾರೂ ತೆರೆಯದ ಅಂಗಡಿಗಳಿಗೆ ಚಂದದ ವೆಬ್‌ಸೈಟುಗಳಿವೆ. ಕಲ್ಪನೆಯ ಗ್ರಾಹಕ ಬಹಳ ಒಳ್ಳೆಯವನು. ಬಣ್ಣ ಬದಲಿಸು ಎನ್ನುವುದಿಲ್ಲ, ರಾತ್ರಿ ಮೆಸೇಜ್ ಮಾಡುವುದಿಲ್ಲ. ದುಡ್ಡಿನ ವಿಷಯಕ್ಕೆ ಬಂದರೆ ಮಾತ್ರ ಎಷ್ಟೋ ನಿಜವಾದ ಗ್ರಾಹಕರಷ್ಟೇ ಕೊಡುತ್ತಾನೆ.

ಪೋರ್ಟ್‌ಫೋಲಿಯೊ ಆಯಿತು, ಇನ್ನು ಅರ್ಜಿ. ಹಿಂದೆಲ್ಲ ಕೆಲಸ ಮಾಡಿದವರಿಗೆ ದುಡ್ಡು ಕೊಡುತ್ತಿದ್ದರು. ಈಗ ಕೆಲಸ ಕೇಳುವವರೇ ದುಡ್ಡು ಕೊಡಬೇಕು. ಈಲ್ಯಾನ್ಸ್ ಮತ್ತು ಓಡೆಸ್ಕ್ ಎಂಬ ಎರಡು ಫ್ರೀಲ್ಯಾನ್ಸಿಂಗ್ ಸೈಟಿನ ಕಂಪನಿ ಒಂದಾಗಿ 2015ರಲ್ಲಿ ಅಪ್‌ವರ್ಕ್ ಅಂತ ಹೆಸರು ಬದಲಿಸಿಕೊಂಡವು. ಅಲ್ಲಿ ಅರ್ಜಿ ಹಾಕಲು ‘ಕನೆಕ್ಟ್’ ಎಂಬ ಟೋಕನ್ ಬೇಕು. ಒಂದಕ್ಕೆ 15 ಸೆಂಟ್. ಒಂದು ಅರ್ಜಿಗೆ ಒಂದು ಸಾಲದು, ಸಾಮಾನ್ಯವಾಗಿ ಹಲವು ಬೇಕು. ಗ್ರಾಹಕ ಬೇರೆಯವರನ್ನು ಆರಿಸಿಕೊಂಡರೆ ಹೋದದ್ದು ಹೋಯಿತು.

ಸುಮ್ನೆ ಒಂದು ಲೆಕ್ಕ ಹಾಕೋಣ. 30 ಡಾಲರಿನ ಒಂದು ಕೆಲಸ. ಐವತ್ತು ಜನ ಅರ್ಜಿ ಹಾಕಿದರು, ತಲಾ ಹತ್ತು ಕನೆಕ್ಟ್. ಎಲ್ಲರೂ ಕೊಂಡದ್ದನ್ನೇ ಬಳಸಿದ್ದರೆ 75 ಡಾಲರ್ ಆಯಿತು. ಅಂದರೆ ಕೆಲಸದ ಬೆಲೆಗಿಂತ ಕ್ಯೂ ಬೆಲೆ ಜಾಸ್ತಿ. ಇಂಥ ಕಡೆ ಸಂಪಾದನೆ ಮಾಡಬೇಕೆಂದರೆ ಕ್ಯೂನಲ್ಲಿ ನಿಲ್ಲಬಾರದು, ಕ್ಯೂ ಇಟ್ಟುಕೊಂಡಿರಬೇಕು. ಇಷ್ಟು ಸಾಲದು ಅಂತ ಹರಾಜೂ ಇದೆ. ಇನ್ನಷ್ಟು ಕನೆಕ್ಟ್ ಸುರಿದರೆ ನಿಮ್ಮ ಅರ್ಜಿ ಪಟ್ಟಿಯ ತಲೆಯ ಮೇಲೆ ಬಂದು ಕೂರುತ್ತದೆ. ಹೊಸಬರ ಹತ್ತಿರ ಪ್ರತಿಭೆ ಇರಬಹುದು, ಹುಮ್ಮಸ್ಸು ಇರಬಹುದು. ಸುರಿಯಲು ದುಡ್ಡಿದ್ದಿದ್ದರೆ ಇಲ್ಲಿಗೆ ಯಾಕೆ ಬರುತ್ತಿದ್ದರು?

ಅರ್ಜಿಯನ್ನು ಓದುವವರು ಯಾರು ಅನ್ನುವುದು ಬೇರೆ ಪ್ರಶ್ನೆ. ಕೆಲವು ಜಾಣ ಗ್ರಾಹಕರು ಒಂದು ತಂತ್ರ ಮಾಡುತ್ತಿದ್ದರು. ಉದ್ದದ ವಿವರಣೆಯ ನಡುವೆ ಎಲ್ಲೋ ಒಂದು ಕಡೆ ‘ನಿಮ್ಮ ಅರ್ಜಿಯನ್ನು ಅನಾನಸ್ ಅನ್ನುವ ಪದದಿಂದ ಶುರು ಮಾಡಿ’ ಅಂತ ಬರೆಯುತ್ತಿದ್ದರು. ಪೂರ್ತಿ ಓದಿದವರು ಯಾರು ಅಂತ ಅದರಿಂದ ಗೊತ್ತಾಗುತ್ತಿತ್ತು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂತು. ಈಗ ಎಲ್ಲರ ಅರ್ಜಿಯೂ ಅನಾನಸ್‌ನಿಂದಲೇ ಶುರು. ಕೆಲಸದ ವಿವರಣೆ ಬರೆದದ್ದು ಯಂತ್ರ, ಅದಕ್ಕೆ ಅರ್ಜಿ ಬರೆದದ್ದು ಯಂತ್ರ, ಐವತ್ತು ಅರ್ಜಿಯ ಸಾರಾಂಶ ಮಾಡಿ ಗ್ರಾಹಕನ ಮುಂದಿಡುವುದೂ ಯಂತ್ರ. ಮನುಷ್ಯರು ಮಾಡಬೇಕಾದ ಕೆಲಸ ಒಂದೇ ಉಳಿದಿದೆ. ಕನೆಕ್ಟ್ ಕೊಳ್ಳುವುದು.

ಅಪ್ಪಿತಪ್ಪಿ ಗ್ರಾಹಕನಿಂದ ಉತ್ತರ ಬಂತು ಅನ್ನಿ. ‘ನಿಮ್ಮ ಪ್ರೊಫೈಲ್ ಇಷ್ಟವಾಯಿತು, ಒಂದು ಸಣ್ಣ ಟೆಸ್ಟ್ ಮಾಡಿಕೊಡಿ.’ ಟೆಸ್ಟಿಗೆ ದುಡ್ಡಿಲ್ಲ. ಚೆನ್ನಾಗಿ ಮಾಡಿದರೆ ಮುಂದೆ ಬೇಕಾದಷ್ಟು ಕೆಲಸ ಅಂತ ಮೂಗಿಗೆ ತುಪ್ಪ ಸವರುತ್ತಾರೆ. ಒಬ್ಬರಿಗೆ ಮೂರನೇ ಅಧ್ಯಾಯ ತರ್ಜುಮೆ ಮಾಡುವ ಟೆಸ್ಟ್, ಇನ್ನೊಬ್ಬರಿಗೆ ನಾಲ್ಕನೆಯದು, ಮತ್ತೊಬ್ಬರಿಗೆ ಐದನೆಯದು. ಎಲ್ಲರೂ ಟೆಸ್ಟ್ ಮುಗಿಸುವ ಹೊತ್ತಿಗೆ ಪುಸ್ತಕವೂ ಮುಗಿದಿರುತ್ತದೆ. ಆಮೇಲೆ ಸವಿನಯದ ಮೆಸೇಜ್: ಸದ್ಯಕ್ಕೆ ಈ ಯೋಜನೆ ಕೈಬಿಟ್ಟಿದ್ದೇವೆ.

ನಿಮಗೆ ನೀವೇ ಬಾಸ್ ಅಂದಿದ್ದರಲ್ಲ, ಅದನ್ನೂ ನೋಡೋಣ. ಗಂಟೆ ಲೆಕ್ಕದ ಕೆಲಸವಾದರೆ ಕಂಪ್ಯೂಟರಿನಲ್ಲಿ ಒಂದು ಟ್ರ್ಯಾಕರ್ ಹಾಕಿಕೊಳ್ಳಬೇಕು. ಅಪ್‌ವರ್ಕ್‌ನದ್ದು ಪ್ರತಿ ಹತ್ತು ನಿಮಿಷದ ಒಳಗೆ ಯಾವಾಗಲೋ ಒಮ್ಮೆ ನಿಮ್ಮ ಸ್ಕ್ರೀನಿನ ಫೋಟೋ ತೆಗೆಯುತ್ತದೆ. ಕೀಲಿ ಎಷ್ಟು ಸಲ ಒತ್ತಿದಿರಿ, ಮೌಸ್ ಎಷ್ಟು ಸಲ ಕ್ಲಿಕ್ ಮಾಡಿದಿರಿ ಅಂತ ಎಣಿಸುತ್ತದೆ. ಆಫೀಸಿನ ಬಾಸ್ ಊಟಕ್ಕಾದರೂ ಎದ್ದು ಹೋಗುತ್ತಾನೆ. ಯೋಚನೆ ಮಾಡುತ್ತಾ ಕೂತರೆ ಯಂತ್ರದ ಕಣ್ಣಿಗೆ ಅದು ಸೋಮಾರಿತನ. ಅದಕ್ಕೆ ಅನುಭವಸ್ಥರು ಯೋಚನೆ ಮಾಡುವಾಗಲೂ ಸುಮ್ನೆ ಮೌಸ್ ಆಡಿಸುತ್ತಿರುತ್ತಾರೆ. ಅನುಭವ ಅನುಭವ ಅಂತ ಎಲ್ಲರೂ ಕೇಳುವುದು ಬಹುಶಃ ಇದನ್ನೇ ಇರಬೇಕು.

ದುಡ್ಡಿನ ಕಥೆ ಇನ್ನೂ ಇದೆ. 2010ರಲ್ಲಿ ಫೈವರ್ ಎಂಬ ಇನ್ನೊಂದು ಸೈಟ್ ಶುರುವಾದಾಗ ಅಲ್ಲಿ ಎಲ್ಲ ಕೆಲಸಕ್ಕೂ ಒಂದೇ ಬೆಲೆ, 5 ಡಾಲರ್. ಈಗ ಬೆಲೆ ನೀವೇ ಇಟ್ಟುಕೊಳ್ಳಬಹುದು. ಅಂದರೆ ಹೊಸಬರು ಈಗ ತಮ್ಮ ಸ್ವಂತ ಇಚ್ಛೆಯಿಂದಲೇ 5 ಡಾಲರ್ ಇಡುತ್ತಾರೆ. ಅದರಲ್ಲಿ ಶೇಕಡಾ 20 ಸೈಟಿಗೆ. ಉಳಿದ 4 ಡಾಲರ್ ಕೆಲಸ ಮುಗಿದ ಮೇಲೂ ಸಾಮಾನ್ಯವಾಗಿ 14 ದಿನ ಅಲ್ಲೇ ಇರುತ್ತದೆ. ಕಣ್ಣಿಗೆ ಕಾಣುತ್ತದೆ, ಕೈಗೆ ಬರುವುದಿಲ್ಲ. ಬಂದಾಗ ಅದನ್ನು ಬ್ಯಾಂಕಿಗೆ ಕಳಿಸಲು ಮತ್ತೊಂದು ಶುಲ್ಕ. ಇಷ್ಟರ ಮೇಲೆ ಗ್ರಾಹಕ ಖುಷಿಯಿಂದ ನಾಲ್ಕು ಸ್ಟಾರ್ ಕೊಟ್ಟು ಹೋದರೆ ಮುಗಿಯಿತು. ಬೇರೆ ಎಲ್ಲೇ ಆದರೂ ಐದಕ್ಕೆ ನಾಲ್ಕು ಬಂದರೆ ಬೆನ್ನು ತಟ್ಟುತ್ತಾರೆ. ಇಲ್ಲಿ ಎಲ್ಲರದ್ದೂ 4.9, ನಿಮ್ಮ ಒಂದೇ ರಿವ್ಯೂ 4. ಹುಡುಕಿದರೂ ಸಿಗದಷ್ಟು ಕೆಳಗೆ ಹೋಗುತ್ತೀರಿ.

ಇಷ್ಟೆಲ್ಲ ಆದ ಮೇಲೂ ನಿಜವಾಗಿ ಅನುಭವ ಕೇಳದ ಧಣಿ ಒಬ್ಬನಿದ್ದಾನೆ. ಅವನು ಟೆಲಿಗ್ರಾಂನಲ್ಲಿ ತಾನಾಗಿಯೇ ಹುಡುಕಿಕೊಂಡು ಬರುತ್ತಾನೆ. ಪೋರ್ಟ್‌ಫೋಲಿಯೊ ಬೇಡ, ಟೆಸ್ಟ್ ಬೇಡ. ವಿಡಿಯೊಗಳಿಗೆ ಲೈಕ್ ಒತ್ತಿದರೆ ಸಾಕು. ಮೊದಲ ದಿನದ ಸಂಬಳ ಅವತ್ತೇ ಕೊಡುತ್ತಾನೆ. ಹದಿನಾಲ್ಕು ದಿನ ಕಾಯಿಸುವುದಿಲ್ಲ! ಆಮೇಲೆ ದೊಡ್ಡ ಟಾಸ್ಕ್ ಬೇಕಾದರೆ ಸ್ವಲ್ಪ ಡೆಪಾಸಿಟ್ ಇಡಿ ಅನ್ನುತ್ತಾನೆ. ಅದನ್ನು ಬಿಡಿಸಿಕೊಳ್ಳಲು ಇನ್ನಷ್ಟು ಡೆಪಾಸಿಟ್. ಇಂಥ ಟಾಸ್ಕ್ ಮೋಸದ ಬಗ್ಗೆ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ಗೆ 2023ರಲ್ಲಿ ಬಂದ ದೂರುಗಳು ಸುಮಾರು 5,000. 2024ರ ಮೊದಲ ಆರು ತಿಂಗಳಲ್ಲೇ ಸುಮಾರು 20,000. ಅನುಭವ ಇಲ್ಲದವರಿಗೆ ಇಷ್ಟು ವೇಗವಾಗಿ ಅವಕಾಶ ಕೊಟ್ಟ ಉದ್ಯಮ ಮತ್ತೊಂದಿಲ್ಲ. ಕೆಲಸ ಕೊಡುವವನೇ ದುಡ್ಡು ಕೇಳಿದರೆ ಓಡಿ ಅಂತ ತಿಳಿದವರು ಎಚ್ಚರಿಸುತ್ತಾರೆ. ಸರಿಯಾದ ಮಾತೇ. ಆದರೆ ಕನೆಕ್ಟ್ ಕೊಂಡು ಕೊಂಡು ಅಭ್ಯಾಸವಾದ ಹೊಸಬರಿಗೆ ಎಲ್ಲಿಂದ ಓಡಬೇಕು, ಎಲ್ಲಿ ನಿಲ್ಲಬೇಕು ಅನ್ನುವುದೇ ಗೊಂದಲ.

ಎಲ್ಲೂ ಕೆಲಸ ಸಿಗದವರಿಗೆ ಕೊನೆಗೆ ಕೋರ್ಸ್ ಇದೆ. ‘ಅನುಭವವಿಲ್ಲದೆ ಮೊದಲ ಆರ್ಡರ್ ಪಡೆಯುವುದು ಹೇಗೆ?’ ಕಲಿಸುವ ಗುರುಗಳು ತಮ್ಮ ಸಂಪಾದನೆಯ ಸ್ಕ್ರೀನ್‌ಶಾಟ್ ತೋರಿಸುತ್ತಾರೆ. ಮೊತ್ತ ದೊಡ್ಡದೇ. ಅದು ಫ್ರೀಲ್ಯಾನ್ಸಿಂಗ್ ಮಾಡಿ ಬಂದದ್ದೋ, ಕೋರ್ಸ್ ಮಾರಿ ಬಂದದ್ದೋ ಅಂತ ಸ್ಕ್ರೀನ್‌ಶಾಟ್ ಹೇಳುವುದಿಲ್ಲ. ಗುರುಗಳೂ ಹೇಳುವುದಿಲ್ಲ.

ಆದರೂ ಅದೃಷ್ಟ ಅನ್ನುವುದು ಇರುತ್ತದೆ ನೋಡಿ. ಕನೆಕ್ಟ್ ಖಾಲಿಯಾಗುವ ಹೊತ್ತಿಗೆ ಹೊಸಬನಿಗೆ ಮೊದಲ ಆರ್ಡರ್ ಬರುತ್ತದೆ. ಇ-ಪುಸ್ತಕ ಬರೆದುಕೊಡಬೇಕು, ಹೆಸರು ಗ್ರಾಹಕನದ್ದು, ದರ 5 ಡಾಲರ್. ವಿಷಯ: ಶೂನ್ಯ ಅನುಭವದಿಂದ ಆನ್‌ಲೈನಿನಲ್ಲಿ ನಾನು ಹೇಗೆ ಸಾಹುಕಾರನಾದೆ. ಹೊಸಬ ನಿದ್ದೆಗೆಟ್ಟು ಬರೆದು ಕಳಿಸುತ್ತಾನೆ. ಮೂರು ದಿನದ ಮೇಲೆ ಬಹುನಿರೀಕ್ಷೆಯ ಮೊದಲ ರಿವ್ಯೂ ಬೀಳುತ್ತದೆ. ನಾಲ್ಕು ಸ್ಟಾರ್. ‘ಭಾಷೆ ಚೆನ್ನಾಗಿದೆ. ಆದರೆ ಬರೆದವರಿಗೆ ಈ ವಿಷಯದಲ್ಲಿ ಸ್ವಂತ ಅನುಭವ ಇದ್ದ ಹಾಗೆ ಕಾಣಲಿಲ್ಲ.’