ಎಮ್ಮೆ ಮೇಲೆ ಕೂತು ಬುದ್ಧಿಮಾತು

ಎಪ್ಪತ್ತರ ದಶಕದ ಕನ್ನಡ ಸಿನಿಮಾ ಹಾಡುಗಳಿಗೆ ಬುದ್ಧಿ ಹೇಳುವ ಚಟ ಜಾಸ್ತಿ ಇತ್ತು. ನಾಯಕ ಗಡಿಗೆ ಮಾಡುತ್ತಿರಲಿ, ಹೊಲದಲ್ಲಿ ಬೆವರು ಸುರಿಸುತ್ತಿರಲಿ, ನಾಲ್ಕು ಮಾತು ನಮಗೂ ಹೇಳಿಯೇ ಮುಂದೆ ಹೋಗುತ್ತಿದ್ದ. ನಾವು ಸುಮ್ನೆ ಕೂತು ಕೇಳುತ್ತಿದ್ದೆವು. ಅದೇ ಮಾತು ಅಪ್ಪನ ಬಾಯಲ್ಲಿ ಬಂದಿದ್ದರೆ ಎದ್ದು ಹೊರಗೆ ಹೋಗುತ್ತಿದ್ದೆವು, ಅಲ್ವಾ?

ಗುಟ್ಟು ಇಷ್ಟೇ ಅನಿಸುತ್ತದೆ. ಹಾಡಿನೊಳಗಿನ ಬುದ್ಧಿಮಾತು ಯಾವಾಗಲೂ ಬಾಜೂ ಮನೆಯವರಿಗೆ ಹೇಳಿದ್ದು.

1972ರ ‘ಬಂಗಾರದ ಮನುಷ್ಯ’ದ ‘ಆಗದು ಎಂದು ಕೈಲಾಗದು ಎಂದು’ ತಗೊಳ್ಳಿ. ಧಾರವಾಡ ಆಕಾಶವಾಣಿಯಲ್ಲಿ ಅದು ಬಂತೆಂದರೆ ನಮ್ಮ ಓಣಿಯ ತಾಯಂದಿರು ರೇಡಿಯೋದ ಕಿವಿ ಹಿಂಡುತ್ತಿದ್ದರು. ಬಿಸಿಲೇರಿದರೂ ಹೊದ್ದು ಮಲಗಿದ ಮಗನ ತಲೆದಿಂಬಿನ ಹತ್ತಿರ ಸೆಟ್ ತಂದಿಡುವುದು. “ಕೇಳೋ ನಮ್ಮಪ್ಪಾ, ನಿನಗ ಹೇಳಾಕತ್ತಾನ.” ಮಗ ಮಗ್ಗುಲು ಬದಲಿಸಿ, “ಅಪ್ಪಗ ಕೇಳಿಸು, ಯವ್ವಾ” ಅನ್ನುವುದು. ಅಪ್ಪ ಕಟ್ಟೆ ಮೇಲೆ ಎಲೆಗೆ ಸುಣ್ಣ ಹಚ್ಚುತ್ತ, ಪಿ.ಬಿ. ಶ್ರೀನಿವಾಸ್ ದನಿಗೆ ತಲೆದೂಗುತ್ತ, ಎದುರು ಮನೆ ಕಡೆ ನೋಡುವುದು. ವಿಶ್ವೇಶ್ವರಯ್ಯನವರು ಕನ್ನಂಬಾಡಿ ಕಟ್ಟಿದ್ದು ಶಾಲೆಗಿಂತ ಮೊದಲು ಈ ಹಾಡಿನಿಂದಲೇ ನಮಗೆ ಗೊತ್ತು. ಕಾವೇರಿ ಎತ್ತ ಹರಿಯುತ್ತಾಳೆ ಅಂತ ಕೇಳಿದ್ದರೆ ಮಾತ್ರ ಬಾಯಿ ಮುಚ್ಚುತ್ತಿದ್ದೆವು. ನಾವು ಕಂಡ ಹೊಳೆ ಮಲಪ್ರಭೆ.

ನನ್ನ ಮೆಚ್ಚಿನದು 1974ರ ‘ಸಂಪತ್ತಿಗೆ ಸವಾಲ್’. ರಾಜಕುಮಾರ್ ಎಮ್ಮೆ ಮೇಲೆ ಕೂತು ಸ್ವಂತ ದನಿಯಲ್ಲಿ ‘ಯಾರೇ ಕೂಗಾಡಲಿ’ ಅಂತ ಹಾಡುತ್ತಾರೆ. ಊರು ಬಾಯಿ ಮಾಡಿದರೂ ತಲೆ ಕೆಡಿಸಿಕೊಳ್ಳದಿರುವುದನ್ನು ಎಮ್ಮೆಯಿಂದ ಕಲಿಯಬೇಕಂತೆ. ಧಾರವಾಡದವರಿಗೆ ಇದನ್ನು ಸಿನಿಮಾದವರು ಹೇಳಿಕೊಡಬೇಕಿರಲಿಲ್ಲ. ಗೌಳಿಗಳ ಎಮ್ಮೆ ನಡುರಸ್ತೆಯಲ್ಲಿ ನಿಂತರೆ ಬಸ್ ಡ್ರೈವರ್ ಹಾರ್ನ್ ಹೊಡೆದು ಹೊಡೆದು ಸುಸ್ತಾಗಬೇಕು. ಅದು ಒಂದು ಕಿವಿ ಅಲ್ಲಾಡಿಸಿ, ಮೆಲುಕು ಮುಗಿಸಿ, ಅಲ್ಲೇ ಸಗಣಿ ಹಾಕಿ, ಆಮೇಲೆ ಹೆಜ್ಜೆ ಎತ್ತುತ್ತದೆ. ಪೇಢಾಕ್ಕೆ ಹಾಲು ಕೊಡುವ ಪ್ರಾಣಿಗೆ ಅಷ್ಟು ಗತ್ತು ಇರಬೇಕಾದದ್ದೇ.

ಅಂದಹಾಗೆ, ಈ ಸಿನಿಮಾ ಧುತ್ತರಗಿಯವರ ಅದೇ ಹೆಸರಿನ ನಾಟಕದಿಂದ ಬಂದದ್ದು. ನಮ್ಮ ಕಡೆಯ ಕಂಪನಿ ನಾಟಕದಲ್ಲಿ ನೀತಿಗೆ ಬರವೇ ಇಲ್ಲ. ಬನಶಂಕರಿ ಜಾತ್ರೆಯಲ್ಲಿ ರಾತ್ರಿಯಿಡೀ ಅತ್ತು ನಕ್ಕವರು ಬೆಳಗ್ಗೆ ನೀತಿಯನ್ನು ಟೆಂಟಿನಲ್ಲೇ ಬಿಟ್ಟು ಬಸ್ಸು ಹತ್ತುತ್ತಿದ್ದರು. ಕುಡುಕ ಗಂಡನ ಪಾತ್ರ ನೋಡಿ ಜಾಸ್ತಿ ಅತ್ತವರು ಯಾರು ಅಂತ ನಾನು ಹೇಳುವುದಿಲ್ಲ.

ಆಮೇಲೆ ಬುದ್ಧಿಮಾತು ಹುಬ್ಬಳ್ಳಿಗೇ ಬಂತು. 1993ರ ‘ಆಕಸ್ಮಿಕ’ದ ‘ಹುಟ್ಟಿದರೆ ಕನ್ನಡ ನಾಡಲ್ಲಿ ಹುಟ್ಟಬೇಕು’ ಹಾಡಿಗಾಗಿ ರಾಜಕುಮಾರ್ ಇಲ್ಲಿ ಟಾಂಗಾ ಓಡಿಸಿದರು. ಡಿವಿಜಿ ಕಗ್ಗದ ಜಟಕಾ ಬಂಡಿಯನ್ನು ಹಂಸಲೇಖ ನಮ್ಮ ರಸ್ತೆಗೆ ತಂದು ಬಿಟ್ಟರು. ವಿಧಿ, ಬದುಕು ಎಲ್ಲ ಸರಿ. ಥಿಯೇಟರಿನಲ್ಲಿ ಕೇಳಿದ ಕೂಗು ಒಂದೇ: “ಅಗಾ, ನಮ್ಮೂರು!”

ಈಗಲೂ ಗಣಪತಿ ಕೂಡಿಸಿದಾಗ ಪೆಂಡಾಲಿನಲ್ಲಿ ಆರ್ಕೆಸ್ಟ್ರಾದವರು ಈ ಹಾಡುಗಳನ್ನು ಬಿಡುವುದಿಲ್ಲ. ಹೋದ ಸಲ ‘ಭಕ್ತ ಕುಂಬಾರ’ದ ಮೂಳೆ-ಮಾಂಸದ ತಡಿಕೆಯ ಹಾಡು ಬಂತು. ಯಾವುದೂ ನಮ್ಮದಲ್ಲ, ಏನೂ ಜೊತೆಗೆ ಬರುವುದಿಲ್ಲ ಅಂತ ಹಿರಿಯರೆಲ್ಲ ಕಣ್ಣು ಮುಚ್ಚಿ ತಲೆದೂಗಿದರು. ಹಾಡು ಮುಗಿದದ್ದೇ ತಡ, ಕಮಿಟಿಯವರು ಮೈಕ್ ಹಿಡಿದು ಚಂದಾ ಪಟ್ಟಿ ಕೊಟ್ಟವರ ಹೆಸರು, ಮೊತ್ತ ಓದತೊಡಗಿದರು. ಮುಂದಿನ ಸಾಲಿನ ಒಬ್ಬ ಯಜಮಾನರು ತಟ್ಟನೆ ಎದ್ದು ನಿಂತರು.

“ಏ ತಮ್ಮಾ, ನನ್ನ ಹೆಸರಿನ ಮುಂದ ಒಂದು ಸೊನ್ನಿ ಕಡಿಮಿ ಓದೀಯಲ್ಲೋ!”